ಬಗ್ಗಿದರೆ ಸೊಂಟ ಹಿಡಿಯುತ್ತೆ, ಚಕ್ಕಳಮಕ್ಕಳ ಕೂತರೆ ಮಂಡಿ ಮೇಲೇಳುತ್ತೆ: ಯೋಗ ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ | ಮಂಡ್ಯ_ಮೂಲೆಮನೆ

ಎಲ್ಲರಿಗೂ ನಮಸ್ಕಾರ. ವಯಸ್ಸು 43, ಊರು ಮಂಡ್ಯ, ದಿನಕ್ಕೆ ಎಂಟು ಗಂಟೆ ಕುರ್ಚಿ ಕೆಲಸ. ಬಿಪಿ ಇದೆ, ದಿನಕ್ಕೊಂದು ಮಾತ್ರೆ, ಸದ್ಯ 130/85ರ ಆಸುಪಾಸಿನಲ್ಲಿದೆ. ಮೊಬೈಲಿನಲ್ಲಿ ವಿಡಿಯೊ ಹಾಕ್ಕೊಂಡು ಸೂರ್ಯ ನಮಸ್ಕಾರ ಶುರು ಮಾಡಿದೆ. ಮಣಿಕಟ್ಟು ನೋವು, ಮುಂದಕ್ಕೆ ಬಗ್ಗಿ ಏಳುವಾಗ ಸೊಂಟ ಹಿಡಿದುಕೊಂಡ ಹಾಗೆ ಆಗುತ್ತೆ. ಚಕ್ಕಳಮಕ್ಕಳ ಹಾಕಿ ಕೂತರೆ ಎರಡೂ ಮಂಡಿ ಎದೆ ಹತ್ತಿರ ಬರುತ್ತೆ, ಬೆನ್ನು ಗೂನಾಗುತ್ತೆ, ಎರಡು ನಿಮಿಷಕ್ಕೇ ಸಾಕು ಸಾಕು ಅನ್ನಿಸುತ್ತೆ.

ಮೊದಲು ಯಾವ ಆಸನ, ಎಷ್ಟು ಹೊತ್ತು? ಬೆಳಿಗ್ಗೆಯೇ ಮಾಡಬೇಕಾ, ಸಂಜೆ ಆದೀತಾ? ಚಾಪೆ ಸಾಕಾ, ಮ್ಯಾಟ್ ತಗೋಬೇಕಾ? ಮೈಸೂರಿನ ಗೋಕುಲಂ ಕಡೆ ತರಗತಿಗಳು ನನ್ನಂಥ ಹೊಸಬರಿಗೆ ಆಗುತ್ತಾ, ಇಲ್ಲ ಅದು ಫಾರಿನ್‌ನವರಿಗೇ ಮಾತ್ರನಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ | ಯೋಗಶಿಕ್ಷಕಿ_ಕುವೆಂಪುನಗರ

ಸರ್, ಸೂರ್ಯ ನಮಸ್ಕಾರವನ್ನು ಮೂರು ವಾರ ಪಕ್ಕಕ್ಕಿಡಿ. ಎಲ್ಲರೂ ಅದನ್ನೇ ಮೊದಲ ಪಾಠ ಅಂತ ಕೊಡುತ್ತಾರೆ. ಆದರೆ ಅದರಲ್ಲಿ ಮುಂದಕ್ಕೆ ಬಗ್ಗುವುದಿದೆ, ಕೈಗಳ ಮೇಲೆ ಮೈಭಾರ ಹೊರುವುದಿದೆ, ಹಿಂದಕ್ಕೆ ಬಾಗುವುದಿದೆ, ಅದೂ ಒಂದರ ಬೆನ್ನಿಗೆ ಒಂದು. ಬಿಡಿಬಿಡಿಯಾಗಿ ಕಲಿಯದೆ ಒಟ್ಟಿಗೆ ಮಾಡಿದರೆ ಎಲ್ಲಿ ತಪ್ಪುತ್ತಿದೆ ಅಂತ ಮಾಡುವವರಿಗೇ ಗೊತ್ತಾಗುವುದಿಲ್ಲ.

ನೀವು ಹೇಳಿದ ಸೊಂಟದ ನೋವಿಗೆ ಬೇರು ತೊಡೆಯ ಹಿಂದೆ ಇರಬಹುದು. ತೊಡೆಯ ಹಿಂಭಾಗದ ಸ್ನಾಯುಗಳು ನಾವು ಕೂರುವ ಮೂಳೆಯಿಂದ ಹೊರಟು ಮಂಡಿಯ ಕೆಳಗೆ ಸೇರುತ್ತವೆ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತವರಲ್ಲಿ ಅವು ಬಿಗಿಯಾಗಿರುತ್ತವೆ. ಕಾಲು ನೇರವಾಗಿಟ್ಟು ಬಗ್ಗಲು ಹೋದರೆ ಅವು ಸೊಂಟದ ಮೂಳೆಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತವೆ, ಅದು ಮುಂದಕ್ಕೆ ವಾಲುವುದಿಲ್ಲ. ಆಗ ಬಗ್ಗುವ ಕೆಲಸವನ್ನೆಲ್ಲ ಸೊಂಟದ ಮೇಲಿನ ಬೆನ್ನುಮೂಳೆಯೇ ಮಾಡಬೇಕಾಗುತ್ತದೆ. ನೋವು ಕಾಣಿಸಿಕೊಳ್ಳುವುದು ಅಲ್ಲಿ. ಮಂಡಿ ಮಡಿಸಿ ಬಗ್ಗಿ, ಅಷ್ಟೇ. ಹೊಟ್ಟೆ ತೊಡೆಗೆ ತಾಗುವಷ್ಟು ಮಂಡಿ ಮಡಿಸಿದರೂ ತಪ್ಪಿಲ್ಲ. ಕೈ ನೆಲಕ್ಕೆ ಮುಟ್ಟಬೇಕು ಅನ್ನುವ ಹಟ ಬೇಡ. ಮುಟ್ಟಿದರೆ ಬಹುಮಾನವೇನೂ ಇಲ್ಲ.

ಕೂರುವಾಗಲೂ ಸೊಂಟದ ಮೂಳೆ ಹಿಂದಕ್ಕೆ ವಾಲಬಾರದು. ಕಂಬಳಿಯನ್ನೋ ದಪ್ಪ ಬೆಡ್‌ಶೀಟನ್ನೋ ನಾಲ್ಕರಿಂದ ಆರು ಇಂಚು ಎತ್ತರಕ್ಕೆ ಮಡಿಸಿ, ಅದರ ಮುಂದಿನ ಅಂಚಿನ ಮೇಲೆ ಕೂತುಕೊಳ್ಳಿ. ಕಾಲು ನೆಲದ ಮೇಲೇ ಇರಲಿ. ಮಂಡಿ ಸೊಂಟಕ್ಕಿಂತ ಕೆಳಗೆ ಬಂದರೆ ಎತ್ತರ ಸರಿಯಾಯಿತು, ಇನ್ನೂ ಮೇಲಿದ್ದರೆ ಇನ್ನೊಂದು ಮಡಿಕೆ ಸೇರಿಸಿ. ಮೆತ್ತನೆ ದಿಂಬು ಬೇಡ, ಅದು ಕುಸಿಯುತ್ತದೆ. ಮಂಡಿಗಳನ್ನು ಕೈಯಿಂದ ಒತ್ತಿ ಕೆಳಗಿಳಿಸಲು ಹೋಗಬೇಡಿ, ಯಾರಾದರೂ ಒತ್ತಿಕೊಡುತ್ತೇನೆ ಅಂದರೂ ಬೇಡ ಅನ್ನಿ.

ಮೊದಲ ಮೂರು ವಾರಕ್ಕೆ ದಿನಕ್ಕೆ 25 ನಿಮಿಷ, ವಾರಕ್ಕೆ ಐದು ದಿನ ಸಾಕು. ಹೀಗೆ ಮಾಡಿ:

ಕಂಬಳಿಯ ಮೇಲೆ ಕೂತು ಎರಡು ನಿಮಿಷ ಮೂಗಿನಲ್ಲೇ ಉಸಿರಾಟ, ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಆಮೇಲೆ ಮಾರ್ಜಾಲಾಸನ, ಅಂದರೆ ಬೆಕ್ಕಿನ ಹಾಗೆ ಬೆನ್ನನ್ನು ಮೇಲಕ್ಕೆ ಉಬ್ಬಿಸಿ ಕೆಳಕ್ಕೆ ಇಳಿಸುವುದು, ಎಂಟು ಸಲ. ನಾಲ್ಕು ಕಾಲಿನ ಮೇಲೆ ನಿಂತಾಗ ಅಂಗೈ ಭುಜದ ನೇರ, ಮಂಡಿ ಸೊಂಟದ ನೇರ. ನಂತರ ಅಡುಗೆಮನೆ ಕಟ್ಟೆಯ ಮೇಲೆ ಎರಡೂ ಕೈ ಇಟ್ಟು, ಹಿಂದೆ ಹಿಂದೆ ನಡೆದು, ಬೆನ್ನು ನೆಲಕ್ಕೆ ಸಮವಾಗುವವರೆಗೆ ಬಗ್ಗಿ ನಿಲ್ಲಿ, ಐದು ಉಸಿರು. ಬೆನ್ನು ಗೂನಾದರೆ ಮಂಡಿ ಸ್ವಲ್ಪ ಮಡಿಸಿ. ಮನೆಯಲ್ಲಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಮುಂಬಾಗು ನನಗೆ ಗೊತ್ತಿಲ್ಲ. ಸೊಂಟಕ್ಕೆ ಪೆಟ್ಟಿಲ್ಲ, ತಲೆ ಕೆಳಗಾಗುವುದಿಲ್ಲ, ಭುಜವೂ ಬಿಡಿಸಿಕೊಳ್ಳುತ್ತದೆ.

ತ್ರಿಕೋನಾಸನಕ್ಕೆ ಕಾಲುಗಳ ನಡುವೆ ಮೂರರಿಂದ ಮೂರೂವರೆ ಅಡಿ. ಬಲಪಾದ ಪೂರ್ತಿ ಹೊರಕ್ಕೆ, ಎಡಪಾದ ಸ್ವಲ್ಪ ಒಳಕ್ಕೆ. ಬಲಕ್ಕೆ ಬಾಗಿದಾಗ ಬಲಗೈ ನೆಲಕ್ಕಲ್ಲ, ಮಂಡಿಯ ಕೆಳಗಿನ ಮೂಳೆಯ ಮೇಲೆ ಅಥವಾ ಒಂದು ಸ್ಟೂಲಿನ ಮೇಲೆ. ಮಂಡಿಯ ಮೇಲೇ ಊರಬೇಡಿ. ಎದೆ ನೆಲದ ಕಡೆ ತಿರುಗುತ್ತಿದ್ದರೆ ಕೈ ತುಂಬಾ ಕೆಳಗಿದೆ ಅಂತ ಅರ್ಥ. ಪ್ರತಿ ಬದಿಗೆ ಐದು ಉಸಿರು.

ಬೋರಲು ಮಲಗಿ ಭುಜಂಗಾಸನ ಮೂರು ಸಲ. ಹೊಕ್ಕುಳು ನೆಲ ಬಿಡುವುದು ಬೇಡ, ಮೊಣಕೈ ಮಡಿಸಿಯೇ ಇರಲಿ. ಕೈಯಿಂದ ತಳ್ಳಿ ಮೇಲೇಳುವುದಲ್ಲ, ಬೆನ್ನಿನ ಬಲದಿಂದ ಎದೆ ಎತ್ತುವುದು. ಒಮ್ಮೆ ಅಂಗೈಯನ್ನು ನೆಲದಿಂದ ಒಂದಿಂಚು ಎತ್ತಿ ನೋಡಿ, ಎಷ್ಟು ಕೆಳಗೆ ಇಳಿಯುತ್ತೀರೋ ಅದೇ ನಿಮ್ಮ ನಿಜವಾದ ಎತ್ತರ. ಅಂಗಾತ ತಿರುಗಿ, ಮಂಡಿ ಮಡಿಸಿ ಸೊಂಟ ಮೇಲೆತ್ತುವ ಸೇತುಬಂಧಾಸನ ಮೂರು ಸಲ, ಹಿಮ್ಮಡಿ ಮಂಡಿಯ ನೇರ ಕೆಳಗೆ.

ಕೊನೆಗೆ ಪಂಚೆ ಅಥವಾ ಉದ್ದನೆ ಟವಲು ತಗೊಳ್ಳಿ. ಅಂಗಾತ ಮಲಗಿ ಎಡಮಂಡಿ ಮಡಿಸಿ ಪಾದ ನೆಲಕ್ಕೂರಿ, ಬಲಪಾದಕ್ಕೆ ಪಂಚೆ ಸುತ್ತಿ ಕಾಲನ್ನು ಮೇಲಕ್ಕೆತ್ತಿ, ಪ್ರತಿ ಬದಿಗೆ ಒಂದೊಂದು ನಿಮಿಷ. ಸೊಂಟ ನೆಲಕ್ಕೆ ಆನಿಕೊಂಡಿರುವುದರಿಂದ ಬೆನ್ನು ಮೋಸ ಮಾಡಲು ಆಗುವುದಿಲ್ಲ, ಎಳೆತ ತೊಡೆಗೇ ಸಿಗುತ್ತದೆ. ನಿಮ್ಮ ಮುಂಬಾಗು ಸುಧಾರಿಸುವುದು ಇದರಿಂದ, ನಿಂತು ನಿಂತು ಬಗ್ಗುವುದರಿಂದಲ್ಲ. ಶವಾಸನ ಐದು ನಿಮಿಷ, ಮಂಡಿ ಕೆಳಗೆ ದಿಂಬು. ಇದನ್ನು ಮಾತ್ರ ಹಾರಿಸಬೇಡಿ.

ಉತ್ತರ | ಫಿಸಿಯೊ_ಮೈಸೂರು

ಮೇಡಂ ಹೇಳಿದ್ದು ಸರಿ. ಬಿಪಿ ವಿಷಯ ಸ್ವಲ್ಪ ಸೇರಿಸುತ್ತೇನೆ. ಯೋಗ ಶುರು ಮಾಡಿದೆ ಅಂತ ಮಾತ್ರೆ ನಿಲ್ಲಿಸಬೇಡಿ, ಕಡಿಮೆಯೂ ಮಾಡಬೇಡಿ. ಅದನ್ನು ಬಿಪಿ ನೋಡಿದ ಡಾಕ್ಟರೇ ಹೇಳಬೇಕು. ಶುರು ಮಾಡುವ ಮುನ್ನ ಅವರಿಗೆ ಒಂದು ಮಾತು ತಿಳಿಸಿ. ತಲೆಕೆಳಗಾಗುವ ಶೀರ್ಷಾಸನ, ಸರ್ವಾಂಗಾಸನ, ಉಸಿರು ಕಟ್ಟಿ ಹಿಡಿಯುವ ಕುಂಭಕ, ಜೋರಾಗಿ ಉಸಿರು ಹೊಡೆಯುವ ಭಸ್ತ್ರಿಕಾ, ಕಪಾಲಭಾತಿ, ಇವು ನಿಮ್ಮ ಪಟ್ಟಿಯಲ್ಲಿ ಬೇಡ. ಆಸನದಲ್ಲಿ ನಿಂತಾಗ ಗೊತ್ತಿಲ್ಲದೇ ಉಸಿರು ಬಿಗಿ ಹಿಡಿಯುವುದೂ ಕುಂಭಕವೇ. ಮುಖ ಕೆಂಪಾಗಿ ಹಲ್ಲು ಕಚ್ಚಿಕೊಂಡಿದ್ದರೆ ಆ ಆಸನವನ್ನು ಅರ್ಧಕ್ಕೆ ಇಳಿಸಿ.

ಬಿಪಿ ಮಾತ್ರೆ ತಿನ್ನುವವರಿಗೆ ಬಗ್ಗಿ ಎದ್ದಾಗ, ಮಲಗಿ ಎದ್ದಾಗ ತಲೆ ಸುತ್ತುವ ಸಂಭವ ಹೆಚ್ಚು. ಶವಾಸನದಿಂದ ನೇರ ಎದ್ದು ನಿಲ್ಲಬೇಡಿ. ಪಕ್ಕಕ್ಕೆ ಹೊರಳಿ, ಕೂತು, ಅರ್ಧ ನಿಮಿಷ ಬಿಟ್ಟು ಏಳಿ.

ಯಾವ ನೋವು ಸರಿ, ಯಾವುದು ತಪ್ಪು? ತೊಡೆಯ ಹಿಂಭಾಗದ ನಡುಮಧ್ಯದಲ್ಲಿ ಎಳೆತ ಇದ್ದು ಆಸನ ಬಿಟ್ಟ ಕೂಡಲೇ ಹೋದರೆ ಸರಿ. ಅದೇ ಎಳೆತ ಮೇಲೆ, ಕೂರುವ ಮೂಳೆಯ ಬುಡದಲ್ಲಿ ಚುಚ್ಚಿದ ಹಾಗಿದ್ದರೆ ತಕ್ಷಣ ಕಡಿಮೆ ಮಾಡಿ. ಸ್ನಾಯು ಮೂಳೆಗೆ ಅಂಟುವ ಜಾಗ ಅದು, ಒಮ್ಮೆ ಕೆರಳಿದರೆ ತಿಂಗಳುಗಟ್ಟಲೆ ಕೂರಲೂ ಬಿಡುವುದಿಲ್ಲ. ಮಂಡಿಯ ಒಳಬದಿ ನೋವು ಅಂದರೆ ಕಾಲು ತಿರುಗಬೇಕಾದ್ದು ತೊಡೆಸಂದಿಯಲ್ಲಿ, ಅಲ್ಲಿ ತಿರುಗದೆ ಮಂಡಿ ತಿರುಚಿಕೊಳ್ಳುತ್ತಿದೆ ಅಂತ. ಪದ್ಮಾಸನಕ್ಕೆ ಪಾದ ಎಳೆದು ತೊಡೆ ಮೇಲೆ ಹಾಕಿಕೊಳ್ಳುವವರು ಕೆಡಿಸಿಕೊಳ್ಳುವುದು ಹೀಗೇ. ಸೊಂಟದಿಂದ ಕಾಲಿನುದ್ದಕ್ಕೂ ಜುಮುಜುಮು ಅಥವಾ ಮರಗಟ್ಟಿದ ಹಾಗೆ ಆದರೆ ಆಸನಗಳನ್ನು ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಮಣಿಕಟ್ಟಿನ ಕಾರಣ ಬಹುತೇಕ ಒಂದೇ, ಭಾರವೆಲ್ಲ ಅಂಗೈಯ ಬುಡದ ಮೇಲೆ ಬೀಳುತ್ತಿದೆ. ಬೆರಳು ಅಗಲಿಸಿ, ತೋರುಬೆರಳು ಮತ್ತು ಹೆಬ್ಬೆರಳಿನ ಬುಡವನ್ನು ನೆಲಕ್ಕೆ ಒತ್ತಿ. ಭುಜ ಮಣಿಕಟ್ಟನ್ನು ದಾಟಿ ಮುಂದಕ್ಕೆ ಹೋಗಬಾರದು. ಸದ್ಯಕ್ಕೆ ಮಂಡಿ ನೆಲಕ್ಕೂರಿ ಮಾಡಿದರೆ ಕೈ ಮೇಲಿನ ಭಾರ ಎಷ್ಟೋ ಇಳಿಯುತ್ತದೆ.

ಉತ್ತರ | ಗುತ್ತಲು_ರಸ್ತೆ

ಅಣ್ಣ, ಇಷ್ಟೆಲ್ಲಾ ತಲೆ ಕೆಡಿಸಿಕೊಳ್ಳೋದು ಯಾಕೆ. ದಿನಾ ಬೆಳಿಗ್ಗೆ ಹದಿನೈದು ನಿಮಿಷ ಕಪಾಲಭಾತಿ ಮಾಡು, ಅದೇ ಪ್ರಾಣಾಯಾಮ, ಹೊಟ್ಟೆನೂ ಕರಗುತ್ತೆ, ಬಿಪಿನೂ ಇಳಿಯುತ್ತೆ.

ಉತ್ತರ | ಯೋಗಶಿಕ್ಷಕಿ_ಕುವೆಂಪುನಗರ

ಬೇಡ ಸರ್, ದಯವಿಟ್ಟು. ಬಿಪಿ ಇರುವವರಿಗೆ ಮೇಲೆ ಫಿಸಿಯೊ ಬೇಡ ಅಂದ ಪಟ್ಟಿಯಲ್ಲೇ ಅದಿದೆ. ಇನ್ನು ಅದು ಪ್ರಾಣಾಯಾಮವೂ ಅಲ್ಲ. ಹಠಯೋಗ ಪ್ರದೀಪಿಕೆ ಅನ್ನುವ ಹಳೆಯ ಯೋಗಗ್ರಂಥ ಕಪಾಲಭಾತಿಯನ್ನು ನೇತಿ, ಧೌತಿ, ಬಸ್ತಿ, ನೌಲಿ, ತ್ರಾಟಕದ ಜತೆ ಷಟ್ಕರ್ಮದಲ್ಲಿ, ಅಂದರೆ ಶುದ್ಧಿಕ್ರಿಯೆಗಳಲ್ಲಿ ಸೇರಿಸಿದೆ. ಹೊಟ್ಟೆಯನ್ನು ಜೋರಾಗಿ ಒಳಕ್ಕೆ ಹೊಡೆದುಕೊಳ್ಳುವ ಕ್ರಿಯೆಯನ್ನು ಹದಿನೈದು ನಿಮಿಷ ಮಾಡುವುದು ಹೊಸಬರಿಗೆ ಹೇಳುವ ಮಾತಲ್ಲ. ನಿಮಗೆ ಬೇಕಿದ್ದರೆ ಒಂದು ತಿಂಗಳ ನಂತರ ನಾಡಿಶೋಧನ ಸೇರಿಸಿಕೊಳ್ಳಿ, ಉಸಿರು ಹಿಡಿಯದೆ, ಐದು ನಿಮಿಷ. ಎಡಹೊಳ್ಳೆಯಲ್ಲಿ ಒಳಕ್ಕೆ, ಬಲಹೊಳ್ಳೆಯಲ್ಲಿ ಹೊರಕ್ಕೆ, ಬಲದಲ್ಲೇ ಒಳಕ್ಕೆ, ಎಡದಲ್ಲಿ ಹೊರಕ್ಕೆ. ಅದು ಒಂದು ಸುತ್ತು. ಶೀತ ಆಗಿ ಮೂಗು ಕಟ್ಟಿದ ದಿನ ಬಿಟ್ಟುಬಿಡಿ.

ಉತ್ತರ | ಸರಸ್ವತಿಪುರಂ_ಸಂಜೆ

ಸಮಯ, ಊಟ, ಮ್ಯಾಟ್ ಮೂರಕ್ಕೂ ನಾನು ಹೇಳುತ್ತೇನೆ.

ಸಂಜೆ ಧಾರಾಳವಾಗಿ ಆಗುತ್ತೆ. ಸೊಂಟ ಹಿಡಿಯುವವರಿಗೆ ಸಂಜೆಯೇ ವಾಸಿ ಕೂಡ. ರಾತ್ರಿ ಮಲಗಿದ್ದಾಗ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳು ನೀರು ಹೀರಿ ಉಬ್ಬಿರುತ್ತವೆ, ಎದ್ದ ಮೊದಲ ಒಂದು ಗಂಟೆ ಬಗ್ಗಿದರೆ ಅವುಗಳ ಮೇಲೆ ಒತ್ತಡ ಜಾಸ್ತಿ. ಬೆಳಿಗ್ಗೆ ಬಿಟ್ಟರೆ ಬೇರೆ ಹೊತ್ತಿಲ್ಲ ಅನ್ನುವವರು ಎದ್ದು ಮುಖ ತೊಳೆದು, ಮನೆ ಮುಂದೆ ನಾಲ್ಕು ಹೆಜ್ಜೆ ಓಡಾಡಿ, ಬಗ್ಗುವ ಆಸನಗಳನ್ನು ಕೊನೆಗಿಟ್ಟುಕೊಳ್ಳಲಿ.

ಮುದ್ದೆ ಸೊಪ್ಪಿನ ಸಾರು ಉಂಡಿದ್ದರೆ ಮೂರರಿಂದ ನಾಲ್ಕು ಗಂಟೆ ಬಿಡಿ. ಎರಡು ಇಡ್ಲಿಗೆ ಎರಡು ಗಂಟೆ, ಒಂದು ಬಾಳೆಹಣ್ಣಿಗೆ ಮುಕ್ಕಾಲು ಗಂಟೆ ಸಾಕು. ತುಂಬಿದ ಹೊಟ್ಟೆಯಲ್ಲಿ ಭುಜಂಗಾಸನ ಮಾಡಿದರೆ ಹುಳಿತೇಗು ಗ್ಯಾರಂಟಿ. ಮುಂಚೆ ಅರ್ಧ ಲೋಟ ಕಾಫಿ ಕುಡಿದರೆ ಯೋಗವೇನೂ ಮೈಲಿಗೆಯಾಗಲ್ಲ, ಆದರೆ ಬಿಪಿಯವರು ಕಾಫಿಯನ್ನು ಆಮೇಲೆ ಕುಡಿಯೋದು ಒಳ್ಳೇದು.

ಚಾಪೆ, ಜಮಖಾನ ಎರಡೂ ಕೂರಲು ಮಲಗಲು ಚೆನ್ನ. ನಿಂತು ಮಾಡುವುದಕ್ಕೆ ಬೇಡ, ಟೈಲ್ಸ್ ಮೇಲೆ ಜಾರುತ್ತವೆ. ತ್ರಿಕೋನಾಸನದಲ್ಲಿ ಒಂದು ಕಾಲು ಜಾರಿದರೆ ತೊಡೆಸಂದಿ ಹರಿದ ಹಾಗಾಗುತ್ತೆ. ರೆಡ್ ಆಕ್ಸೈಡ್ ನೆಲ ಅಥವಾ ಒರಟು ಕಡಪ ಕಲ್ಲಿನ ನೆಲ ಇದ್ದರೆ ನಿಂತ ಆಸನಗಳನ್ನು ಬರಿಗಾಲಲ್ಲಿ ನೆಲದ ಮೇಲೇ ಮಾಡಬಹುದು. ಮ್ಯಾಟ್ ತಗೊಳ್ಳುವುದಾದರೆ 4ರಿಂದ 6 ಮಿಲಿಮೀಟರ್ ದಪ್ಪ, ಆರಡಿ ಉದ್ದ. ಅಂಗಡಿಯವರು ಮೆತ್ತಗಿದೆ ಅಂತ 10, 12 ಮಿಲಿಮೀಟರಿನದು ತೋರಿಸುತ್ತಾರೆ. ಅದರ ಮೇಲೆ ಒಂಟಿಕಾಲಲ್ಲಿ ನಿಂತರೆ ಪಾದ ಹೂತುಕೊಂಡು ಅಲ್ಲಾಡುತ್ತೆ, ಅಂಗೈ ಒಳಗಿಳಿದು ಮಣಿಕಟ್ಟು ಇನ್ನೂ ಮಡಿಯುತ್ತೆ. ಮಂಡಿ ಒತ್ತಿದರೆ ತೆಳು ಮ್ಯಾಟಿನ ಮೇಲೇ ಒಂದು ಟವಲು ಹಾಕಿಕೊಳ್ಳಿ. ಹೊಸ ಮ್ಯಾಟ್ ಮೊದಮೊದಲು ಜಾರಿದರೆ ಸ್ವಲ್ಪ ಸೋಪು ನೀರಿನಲ್ಲಿ ಒರೆಸಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೆ ಹಾಕಿದರೆ ಬೇಗ ಪುಡಿಪುಡಿಯಾಗುತ್ತೆ.

ಉತ್ತರ | ಲಕ್ಷ್ಮೀಪುರಂ_ಹಳಬ

ಗೋಕುಲಂ ಬಗ್ಗೆ ಕೇಳಿದ್ದೀರಿ. ಅಲ್ಲಿ ಹೆಚ್ಚಾಗಿ ಕಲಿಸುವುದು ಪಟ್ಟಾಭಿ ಜೋಯಿಸರ ಅಷ್ಟಾಂಗ ವಿನ್ಯಾಸ ಪದ್ಧತಿ. ಅವರು ಶಾಲೆ ಶುರು ಮಾಡಿದ್ದು 1948ರಲ್ಲಿ ಲಕ್ಷ್ಮೀಪುರಂನಲ್ಲಿ, ಗೋಕುಲಂಗೆ ಹೋಗಿದ್ದು ಆಮೇಲೆ. "ಮೈಸೂರು ಶೈಲಿ" ಅನ್ನುವ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ಒಂದೇ ಆಸನ ಮಾಡುವುದಿಲ್ಲ. ಅವರವರ ಉಸಿರಿಗೆ ಅವರವರು ಮಾಡುತ್ತಿರುತ್ತಾರೆ, ಗುರುಗಳು ಓಡಾಡಿಕೊಂಡು ತಿದ್ದುತ್ತಾರೆ. ಹೊಸಬರಿಗೆ ಮೊದಮೊದಲು ಬರೀ ಸೂರ್ಯ ನಮಸ್ಕಾರ ಕೊಟ್ಟು ಮನೆಗೆ ಕಳಿಸುತ್ತಾರೆ. ಅದು ಮೈಗೆ ಒಗ್ಗಿದ ಮೇಲೆ ಇನ್ನೊಂದು ಆಸನ, ಅದಾದ ಮೇಲೆ ಮತ್ತೊಂದು. ಆ ಲೆಕ್ಕದಲ್ಲಿ ಹೊಸಬರಿಗೆ ಒಳ್ಳೆಯದೇ. ಹೊಸಬರು ಹೋಗಬಾರದ್ದು ಸಂಸ್ಕೃತದಲ್ಲಿ ಏಕಂ, ದ್ವೇ, ತ್ರೀಣಿ ಅಂತ ಎಣಿಸುತ್ತಾ ಎಲ್ಲರನ್ನೂ ಒಟ್ಟಿಗೆ ನಡೆಸುವ ತರಗತಿಗೆ. ಆ ಪದ್ಧತಿಯ ಮೊದಲ ಆಸನ ಸರಣಿ ಮುಗಿಯಲು ಸುಮಾರು ಒಂದೂವರೆ ಗಂಟೆ ಬೇಕು, ಎಣಿಕೆ ನಿಮಗೋಸ್ಕರ ಕಾಯುವುದಿಲ್ಲ. ಶನಿವಾರ, ಅಮಾವಾಸ್ಯೆ, ಹುಣ್ಣಿಮೆ ರಜೆ ಅನ್ನುವುದು ಆ ಪದ್ಧತಿಯ ವಾಡಿಕೆ, ಹೋಗುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಿ.

ಇನ್ನೊಂದು ವಿಷಯ ತಿಳಿದಿದ್ದರೆ ನಾಚಿಕೆ ಕಡಿಮೆಯಾಗುತ್ತದೆ. ಪಟ್ಟಾಭಿ ಜೋಯಿಸರ ಗುರುಗಳಾದ ಕೃಷ್ಣಮಾಚಾರ್ಯರು 1930ರ ದಶಕದಲ್ಲಿ ನಾಲ್ವಡಿಯವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಕಲಿಸುತ್ತಿದ್ದರು. ಅಲ್ಲಿದ್ದವರಲ್ಲಿ ಹೆಚ್ಚಿನವರು ಹುಡುಗರು. ಹಾರಿ ಹಿಂದಕ್ಕೆ ಹೋಗುವುದು, ಹಾರಿ ಮುಂದಕ್ಕೆ ಬರುವುದು ಆ ವಯಸ್ಸಿನ ಮೈಗೆ ಒಗ್ಗಿದ ವಿದ್ಯೆ. 43ಕ್ಕೆ ಶುರು ಮಾಡುವವರು ಹಾರಬೇಕಿಲ್ಲ, ಒಂದೊಂದೇ ಕಾಲು ಹಿಂದಿಟ್ಟರೆ ಸಾಕು. ಅದೇ ಗುರುಗಳ ಶಿಷ್ಯ, ನಮ್ಮ ಕೋಲಾರ ಕಡೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರು ಪುಣೆಗೆ ಹೋಗಿ ಕಂಬಳಿ, ಬೆಲ್ಟು, ಮರದ ಇಟ್ಟಿಗೆ, ಕುರ್ಚಿ ಎಲ್ಲವನ್ನೂ ಆಸನಕ್ಕೆ ತಂದರು. ಮೇಡಂ ಹೇಳಿದ ಕಂಬಳಿ, ಪಂಚೆ, ಸ್ಟೂಲು ಆ ದಾರಿಯವು. ನಿಮ್ಮ ಸೊಂಟ, ಬಿಪಿ ನೋಡಿದರೆ ಮೊದಲು ಆ ದಾರಿಯ ಗುರುಗಳನ್ನು ಹುಡುಕುವುದು ವಾಸಿ ಅಂತ ನನ್ನ ಅಭಿಪ್ರಾಯ. ಸಾಲದ್ದಕ್ಕೆ ನಸುಕಿನ ಐದಕ್ಕೆ ಮೈಸೂರಲ್ಲಿರಲು ಮಂಡ್ಯದಿಂದ 45 ಕಿಲೋಮೀಟರ್ ದಿನಾ ಓಡಾಡುವುದು ಆಗದ ಕೆಲಸ, ಎರಡು ವಾರಕ್ಕೇ ಬಿಟ್ಟುಹೋಗುತ್ತದೆ.

ಮಂಡ್ಯ_ಮೂಲೆಮನೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಂಬಳಿ ಮಡಿಸಿ ಕೂತೆ, ಮಂಡಿ ಇಳೀತು, ಬೆನ್ನೂ ನೆಟ್ಟಗಾಯ್ತು. ಮೇಡಂ, ಮೂರು ವಾರ ಆದ ಮೇಲೆ ಸೂರ್ಯ ನಮಸ್ಕಾರ ಹೇಗೆ ಸೇರಿಸಲಿ? ಮಂಡ್ಯದಲ್ಲೇ ಗುರುಗಳನ್ನು ಹುಡುಕಿದರೆ ಏನು ನೋಡಬೇಕು?

ಉತ್ತರ | ಯೋಗಶಿಕ್ಷಕಿ_ಕುವೆಂಪುನಗರ

ನಾಲ್ಕನೇ ವಾರ ಎರಡೇ ಸುತ್ತು. ಕೈ ಮೇಲೆತ್ತುವಾಗ ಹಿಂದಕ್ಕೆ ವಾಲಬೇಡಿ, ನೇರ ಮೇಲಕ್ಕೆ. ಮಂಡಿ ಮಡಿಸಿ ಬಗ್ಗಿ, ಕೈ ನೆಲಕ್ಕೆ ಸಿಗದಿದ್ದರೆ ಎರಡು ದಪ್ಪ ಪುಸ್ತಕ ಇಟ್ಟುಕೊಳ್ಳಿ. ಒಂದು ಕಾಲು ಹಿಂದೆ, ಇನ್ನೊಂದು ಕಾಲು ಹಿಂದೆ, ಎರಡೂ ಮಂಡಿ ನೆಲಕ್ಕೆ. ಅಲ್ಲಿಂದ ಎದೆ ಇಳಿಸುವಾಗ ಮೊಣಕೈ ಪಕ್ಕೆಗೆ ಅಂಟಿರಲಿ, ಹೊರಕ್ಕೆ ರೆಕ್ಕೆಯ ಹಾಗೆ ಚಾಚಿಕೊಂಡರೆ ಭುಜ ನೋಯುತ್ತದೆ. ಆಮೇಲೆ ಚಿಕ್ಕ ಭುಜಂಗಾಸನ. ಕೈ ಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಪರ್ವತಾಸನದಲ್ಲಿ ಹಿಮ್ಮಡಿ ನೆಲಕ್ಕೆ ತಾಗಬೇಕಿಲ್ಲ, ಮಂಡಿ ಮಡಿಸಿ ಬೆನ್ನು ಉದ್ದ ಮಾಡಿ, ಎರಡು ಉಸಿರು ಮಾತ್ರ. ಪಾದ ಕೈಗಳ ನಡುವೆ ಒಂದೇ ಹೆಜ್ಜೆಗೆ ಬರುವುದಿಲ್ಲ, ಎರಡು ಮೂರು ಚಿಕ್ಕ ಹೆಜ್ಜೆಯಲ್ಲಿ ತನ್ನಿ.

ಎರಡು ಸುತ್ತು ಮುಗಿದಾಗ ಮೂಗಿನಲ್ಲೇ ಉಸಿರಾಡಿಕೊಂಡು ಒಂದು ಪೂರ್ತಿ ವಾಕ್ಯ ಮಾತಾಡಲು ಆದರೆ ಮುಂದಿನ ವಾರ ಒಂದು ಸುತ್ತು ಹೆಚ್ಚಿಸಿ. ಬಾಯಿ ತೆರೆದುಕೊಂಡರೆ ಅಲ್ಲೇ ಇರಿ. ಆರು ಸುತ್ತಿಗೆ ಬರಲು ಎರಡು ತಿಂಗಳಾದರೂ ಅವಸರವಿಲ್ಲ. ರಥಸಪ್ತಮಿಗೆ 108 ಸೂರ್ಯ ನಮಸ್ಕಾರಕ್ಕೆ ಬನ್ನಿ ಅಂತ ಯಾರಾದರೂ ಕರೆದರೆ ಈ ವರ್ಷ ಹೋಗಿ ನೋಡಿ, ಪ್ರಸಾದ ತಗೊಂಡು ಬನ್ನಿ.

ಗುರುಗಳ ವಿಷಯ. ಸೇರುವ ಮೊದಲು ಒಂದು ತರಗತಿ ಪಕ್ಕದಲ್ಲಿ ಕೂತು ನೋಡಲು ಬಿಡುತ್ತಾರಾ ಕೇಳಿ. ಬಿಪಿ, ಸೊಂಟ, ಆಪರೇಷನ್ ಏನಾದರೂ ಇದೆಯಾ ಅಂತ ಅವರೇ ಮೊದಲು ವಿಚಾರಿಸಬೇಕು. ವಿಚಾರಿಸದವರ ಹತ್ತಿರ ಬೇಡ. ಬಗ್ಗಲಾಗದವರಿಗೆ ಬದಲಿ ಆಸನ ಕೊಡುತ್ತಾರಾ, ಇಲ್ಲ "ಇನ್ನೂ ಬಗ್ಗಿ, ಇನ್ನೂ ಬಗ್ಗಿ" ಅಂತ ಬೆನ್ನಿನ ಮೇಲೆ ಕೈಯಿಟ್ಟು ಒತ್ತುತ್ತಾರಾ ನೋಡಿ. ಮೈ ಮುಟ್ಟಿ ತಿದ್ದುವ ಮುಂಚೆ ಕೇಳುತ್ತಾರಾ ಅನ್ನುವುದೂ ಮುಖ್ಯ. ಗುರುಗಳೇ ಮುಂದೆ ನಿಂತು ಪೂರ್ತಿ ಹೊತ್ತು ತಾವೇ ಆಸನ ಮಾಡುತ್ತಿದ್ದರೆ ನಿಮ್ಮ ಮಂಡಿ ಎತ್ತ ಹೋಯಿತು ಅಂತ ನೋಡುವವರು ಯಾರೂ ಇರುವುದಿಲ್ಲ. ಒಬ್ಬರಿಗೆ ಹದಿನೈದು ಜನಕ್ಕಿಂತ ಹೆಚ್ಚಿದ್ದರೂ ಹಾಗೇ. ದಿನಾ ಹೋಗಲು ಆಗದಿದ್ದರೆ ವಾರಕ್ಕೊಂದು ದಿನ ಹೋಗಿ ತಿದ್ದಿಸಿಕೊಂಡು, ಉಳಿದ ನಾಲ್ಕು ದಿನ ಮನೆಯಲ್ಲಿ ಅದನ್ನೇ ಮಾಡಿ.

ಉತ್ತರ | ಫಿಸಿಯೊ_ಮೈಸೂರು

ಒಂದು ಮಾತು ಬಿಟ್ಟುಹೋಗಿತ್ತು. ದಿನಕ್ಕೆ 25 ನಿಮಿಷ ಬಿಗಿತ ಬಿಡಿಸಿ ಮತ್ತೆ ಎಂಟು ಗಂಟೆ ಒಂದೇ ಸಮ ಕೂತರೆ ಲಾಭ ಕಡಿಮೆ. ಆಫೀಸಿನಲ್ಲಿ ಮುಕ್ಕಾಲು ಗಂಟೆಗೊಮ್ಮೆ ಎದ್ದು, ಮೇಜಿನ ಅಂಚು ಹಿಡಿದು, ಮೇಡಂ ಹೇಳಿದ ಅಡುಗೆಮನೆ ಕಟ್ಟೆಯ ಆಸನವನ್ನೇ ಐದು ಉಸಿರು ಮಾಡಿ. ಚಕ್ರ ಇರುವ ಕುರ್ಚಿ ಹಿಡಿದು ಮಾತ್ರ ಮಾಡಬೇಡಿ, ಉರುಳಿಕೊಂಡು ಹೋಗುತ್ತೆ.